ಅಲ್ಲೊಬ್ಬರು

ದೊಡ್ಡಪ್ಪ ಬೆಳಗ್ಗೆ ಗಡ್ಡ ಹೆರೆದುಕೊಳ್ಳುವಾಗ ಒಂದು ಹಾಡು ಗುನುಗುತ್ತಿದ್ದರು. ಹಿತ್ತಿಲ ಬಾಗಿಲ ಚೌಕಟ್ಟಿಗೆ ನೇತುಹಾಕಿದ ಕನ್ನಡಿ, ಕೆನ್ನೆ ತುಂಬ ಸೋಪಿನ ನೊರೆ, ಮುಚ್ಚಿದ ತುಟಿಗಳ ಹಿಂದಿನಿಂದ ಹೊರಡುವ ಆ ರಾಗ. ಅದಕ್ಕೆ ಪದಗಳಿರಲಿಲ್ಲ. ನಮ್ಮೂರಿನಲ್ಲಿ ಯಾರಾದರೂ ಹಾಡುವ ಹಾಡಿನ ಹಾಗೆ ಅದು ಕೇಳಿಸುತ್ತಲೂ ಇರಲಿಲ್ಲ. ಅದು ಶುರುವಾಯಿತೆಂದರೆ ಅಡುಗೆಮನೆಯಲ್ಲಿ ದೇವಕಿ ದೊಡ್ಡಮ್ಮನ ಕೈಯ ಪಾತ್ರೆಗಳು ಜೋರಾಗಿ ಸದ್ದು ಮಾಡತೊಡಗುತ್ತಿದ್ದವು.

"ಕೇಳಿದ್ಯೇನೇ? ಶುರುವಾಯ್ತು, ಅವರ ಊರಿನ ಹಾಡು" ಎನ್ನುತ್ತಿದ್ದರು ನನ್ನ ಕಡೆ ತಿರುಗಿ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಕಾಲೇಜು ಓದಲೆಂದು ಬಂದ ನಾನು ಮಕ್ಕಳಿಲ್ಲದ ಅವರ ಮನೆಯಲ್ಲೇ ಉಳಿದಿದ್ದೆ. 'ಅವರ ಊರು' ಎಂದರೆ ದೊಡ್ಡಪ್ಪ ಹುಟ್ಟಿದ ಊರಲ್ಲ. ಮದುವೆಗೆ ಮುಂಚೆ ಅವರು ಸಮುದ್ರದಾಚೆಯ ಒಂದು ಬಂದರು ನಗರದಲ್ಲಿ ಹಡಗು ಕಂಪನಿಯ ಗುಮಾಸ್ತರಾಗಿದ್ದರು. ಕೆಲವೇ ವರ್ಷ. ಆದರೆ ಆ ಕೆಲವು ವರ್ಷಗಳು ಅವರ ಮಾತಿನಿಂದ ಎಂದೂ ಇಳಿಯಲಿಲ್ಲ. ಬಸ್ಸು ತಡವಾದರೆ, ಚರಂಡಿ ಕಟ್ಟಿಕೊಂಡರೆ, ಚಹಾ ತಣ್ಣಗಾದರೆ, "ಅಲ್ಲಾಗಿದ್ರೆ..." ಎಂದು ಶುರುಮಾಡುತ್ತಿದ್ದರು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ತಾವೇ ಒಲೆಯ ಮುಂದೆ ನಿಂತು ಶುಂಠಿ, ಬೆಳ್ಳುಳ್ಳಿ, ಅಕ್ಕಿ ಹಾಕಿ ತಿಳಿಯಾದ ಗಂಜಿ ಕಾಯಿಸುತ್ತಿದ್ದರು. ಎಲ್ಲಿ ಕಲಿತಿರಿ ಎಂದರೆ ಒಂದೇ ಉತ್ತರ.

"ಅಲ್ಲೊಬ್ಬರು ಇದ್ರು. ಅವರು ಕಲಿಸಿದ್ದು."

ಆ 'ಒಬ್ಬರು' ಎಂಬ ಮಾತಿನಲ್ಲಿ ಗಂಡೋ ಹೆಣ್ಣೋ ತಿಳಿಯುವಂತಿರಲಿಲ್ಲ. ದೊಡ್ಡಮ್ಮ ಮಾತ್ರ ಅದರಲ್ಲಿ ಹೆಣ್ಣನ್ನೇ ಕೇಳಿಸಿಕೊಂಡಿದ್ದರು. ಹೊಸ ಮದುಮಗಳಾಗಿದ್ದಾಗಿನಿಂದ ತಲೆ ನರೆಯುವವರೆಗೂ ಅವರು ಒಮ್ಮೆಯೂ ನೇರವಾಗಿ ಕೇಳಲಿಲ್ಲ. ಬದಲಿಗೆ ಆ ನಗರವನ್ನೇ ದ್ವೇಷಿಸಿದರು. ಪತ್ರಿಕೆಯಲ್ಲಿ ಅದರ ಚಿತ್ರ ಬಂದರೆ ಆ ಹಾಳೆಯನ್ನೇ ಆರಿಸಿ ಡಬ್ಬಿಗಳ ಕೆಳಗೆ ಹಾಸುತ್ತಿದ್ದರು. "ಸವತಿ ಮನೇಲಿದ್ರೆ ಜಗಳಾನಾದ್ರೂ ಆಡಬಹುದಿತ್ತು. ಸಮುದ್ರದ ಆಚೆ ಇರೋವಳ ಹತ್ತಿರ ಏನು ಆಡ್ಲಿ?" ಎಂದು ಒಮ್ಮೆ ನನ್ನೆದುರು ಅಂದಿದ್ದರು. ಅಂದವರೇ ನಕ್ಕಿದ್ದರು. ಆದರೆ ಅದು ನಗುವ ಮಾತಾಗಿರಲಿಲ್ಲ.

ಹಾಗಾಗಿ ನಿವೃತ್ತಿಯಾದ ಮೇಲೆ ದೊಡ್ಡಪ್ಪ, "ಒಂದು ಸಲ ನಿನಗೂ ಆ ಊರನ್ನ ತೋರಿಸ್ತೀನಿ ಕಣೇ" ಎಂದಾಗ ದೊಡ್ಡಮ್ಮ ತಕ್ಷಣ ಒಪ್ಪಿದ್ದು ನನಗೆ ಆಶ್ಚರ್ಯವಾಯಿತು. ಅವರದು ಒಂದೇ ಷರತ್ತು: ನಾನೂ ಜೊತೆಗಿರಬೇಕು. ಏಕೆಂದು ಕೇಳಿದ್ದಕ್ಕೆ ಪಿಸುದನಿಯಲ್ಲಿ ಹೇಳಿದರು: "ನಿನಗೆ ಇಂಗ್ಲಿಷ್ ಬರುತ್ತೆ. ಅಲ್ಲಿ ಯಾರು ಏನಂದ್ರು ಅಂತ ನನಗೆ ನೀನು ಹೇಳಬೇಕು. ಅವರು ಹೇಳಿದ್ರೆ ನಾನು ನಂಬೋದು ಹೇಗೆ?"

ವಿಮಾನದಿಂದ ಇಳಿದಾಗಿನಿಂದ ದೊಡ್ಡಮ್ಮ ತಪ್ಪು ಹುಡುಕುತ್ತಿದ್ದರು. ಮೀನಿನ ವಾಸನೆ ಇರುತ್ತದೆಂದು ಸೆರಗಿನ ತುದಿಯನ್ನು ಮೂಗಿನ ಹತ್ತಿರ ಇಟ್ಟುಕೊಂಡೇ ಬಂದವರಿಗೆ ಎದುರಾದದ್ದು ಆಗತಾನೇ ಬೆಂದ ಬ್ರೆಡ್ಡಿನ ಘಮ. ನೆಲದಲ್ಲಿ ನಮ್ಮ ಮುಖ ಕಾಣುತ್ತಿತ್ತು. ಊರೊಳಕ್ಕೆ ಹೋಗುವ ರೈಲಿಗೆ ಚಾಲಕನೇ ಇರಲಿಲ್ಲ. ಮುಂದಿನ ಗಾಜಿನ ಬಳಿ ನಿಂತರೆ ಹಳಿಗಳು ತಾವಾಗಿ ನಮ್ಮ ಕಾಲಡಿಗೆ ಓಡಿ ಬರುತ್ತಿದ್ದವು. ಎರಡೂ ಕಡೆ ಗಾಜಿನ ಗೋಪುರಗಳು, ಒಂದೊಂದು ಅಂತಸ್ತಿನಲ್ಲೂ ಗಿಡಗಳು, ಮೋಡ ಕೆಳಗಿಳಿದು ತುದಿಗಳನ್ನು ನುಂಗಿತ್ತು. ರಸ್ತೆ ದಾಟುವ ದೀಪ ಹಸಿರಾದಾಗ ಕಂಬದಿಂದ ಹಕ್ಕಿಯೊಂದು ಕೂಗಿದಂಥ ಸದ್ದು. ಅಷ್ಟು ಜನ ಇದ್ದರೂ ಯಾರೂ ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ.

ದೊಡ್ಡಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದರು: "ಇಷ್ಟು ಚೆನ್ನಾಗಿರಬಾರದಿತ್ತು."

ದೊಡ್ಡಪ್ಪನ ಸ್ಥಿತಿಯೇ ಬೇರೆ. ತಮ್ಮ ಕಚೇರಿ ಇದ್ದ ಜಾಗ, ತಾವು ಇಳಿದುಕೊಂಡಿದ್ದ ಓಣಿ, ದೋಣಿಕಟ್ಟೆ, ಯಾವುದೂ ಅವರಿಗೆ ಸಿಗಲಿಲ್ಲ. ಒಂದು ದೊಡ್ಡ ಚೌಕದ ನಡುವೆ ನಿಂತು, "ಇಲ್ಲಿ ಸಮುದ್ರ ಇತ್ತು" ಎಂದರು. ಸಮುದ್ರವನ್ನೇ ಹೂತು ಅದರ ಮೇಲೆ ಊರು ಕಟ್ಟಿದ್ದರು. ಚಲಿಸುವ ಮೆಟ್ಟಿಲುಗಳ ಮುಂದೆ ಅವರು ಕಾಲಿಡಲಾರದೆ ಹಿಂದೆ ಮುಂದೆ ನೋಡುತ್ತಿದ್ದರೆ, ದೊಡ್ಡಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಸರಕ್ಕನೆ ಹತ್ತಿ ಮೇಲೆ ಹೋಗಿ ನಿಂತರು. ಅಲ್ಲಿಂದ ಕೆಳಗೆ ನೋಡಿ, "ಬನ್ನಿ, ಏನೂ ಆಗಲ್ಲ" ಎಂದರು. ಆ ದನಿಯಲ್ಲಿ ಕರುಣೆಗಿಂತ ಹೆಚ್ಚಾಗಿ ಗೆದ್ದ ಸಂತೋಷವಿತ್ತು. ಗಂಡನನ್ನು ಇಷ್ಟು ಕಾಲ ಹಿಡಿದಿಟ್ಟುಕೊಂಡಿದ್ದ ನಗರ ಈಗ ಇರಲೇ ಇಲ್ಲ. ಆ ದಿನ ದೊಡ್ಡಮ್ಮ ಹೊಟ್ಟೆ ತುಂಬ ಉಂಡರು.

ಮರುದಿನ ಹಳೆಯ ಓಣಿಯ ಹೆಸರು ಹೇಳಿ ಹೇಳಿ, ಕೊನೆಗೆ ಒಂದು ಗೋಪುರದ ಬುಡಕ್ಕೆ ಬಂದೆವು. ಓಣಿ ಹೋಗಿತ್ತು. ಅಲ್ಲಿದ್ದ ತಿಂಡಿ ಅಂಗಡಿಗಳನ್ನೆಲ್ಲ ಗೋಪುರದ ಕೆಳಗಿನ ವಿಶಾಲವಾದ ಹಜಾರದಲ್ಲಿ ಸಾಲಾಗಿ ಕೂರಿಸಿದ್ದರು. ಅಂಥ ಒಂದು ಅಂಗಡಿಯ ಮುಂದೆ ದೊಡ್ಡಪ್ಪ ನಿಂತುಬಿಟ್ಟರು. ಹಬೆಯ ಹಿಂದೆ ಒಬ್ಬ ಮುದುಕಿ ಸೌಟು ಹಿಡಿದಿದ್ದಳು. ಕತ್ತರಿಸಿದ ಬಿಳಿ ಕೂದಲು, ಸಣ್ಣ ಮೈಕಟ್ಟು. ತಲೆ ಎತ್ತಿ ನೋಡಿದಳು. ಸೌಟು ಪಾತ್ರೆಯ ಅಂಚಿಗೆ ತಾಗಿತು.

"ವಮನ್" ಎಂದಳು.

ವಾಮನ ಎಂಬುದು ದೊಡ್ಡಪ್ಪನ ಹೆಸರು. ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ. ದೊಡ್ಡಪ್ಪ ತಲೆಯ ಮೇಲೆ ಇಲ್ಲದ ಕೂದಲನ್ನು ಸವರಿಕೊಂಡರು. ದೊಡ್ಡಮ್ಮ ಆ ಕೈಯನ್ನೇ ನೋಡಿದರು.

ಅವಳ ಹೆಸರು ಲಿನ್. ದೊಡ್ಡಪ್ಪ ಊಟ ಮಾಡುತ್ತಿದ್ದ ಅಂಗಡಿಯವನ ಮಗಳು. ಅವರಿಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವಳು. ಈಗ ಗಂಡ ತೀರಿಕೊಂಡಿದ್ದ. ಅಂಗಡಿಯಲ್ಲಿ ಮಗಳು ಜೊತೆಗಿದ್ದಳು. ಬಂದರಿನ ಜನರ ಹರಕು ಮುರುಕು ಇಂಗ್ಲಿಷ್ ಅವಳಿಗೆ ಬರುತ್ತಿತ್ತು. ನಮ್ಮನ್ನು ಕೂರಿಸಿ ಹಬೆಯಾಡುವ ಬಟ್ಟಲುಗಳನ್ನು ಇಟ್ಟಳು. ಹಜಾರದ ಆಚೆ ಗೋಡೆಯ ಮೇಲೆ ಹಳೆಯ ಓಣಿಯ ಚಿತ್ರಗಳಿವೆಯೆಂದು ಮಗಳು ದೊಡ್ಡಪ್ಪನನ್ನು ಕರೆದುಕೊಂಡು ಹೋದಳು. ಹೋಗುವಾಗ ಅವರು ನಮ್ಮ ಕಡೆ ತಿರುಗಿ ನೋಡಿದ ಪರಿ ನನಗೆ ನೆನಪಿದೆ. ಬೆಂಕಿಯ ಮೇಲೆ ಹಾಲಿಟ್ಟು ಹೊರಗೆ ಹೋಗುವವರು ಹಾಗೆ ನೋಡುತ್ತಾರೆ.

ಲಿನ್ ಕೈ ಒರೆಸಿಕೊಂಡು ದೊಡ್ಡಮ್ಮನ ಎದುರು ಕುಳಿತಳು. ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು. ದೊಡ್ಡಮ್ಮನೂ ಅಷ್ಟೇ ನಿಧಾನವಾಗಿ ನೋಡಿದರು.

"ಹಾಗಾದರೆ ಅವಳು ನೀನೇ" ಎಂದಳು ಲಿನ್. ನಾನು ಕನ್ನಡದಲ್ಲಿ ಹೇಳಿದೆ.

"ಯಾರು ಅಂತ ಕೇಳು" ಎಂದರು ದೊಡ್ಡಮ್ಮ.

ಲಿನ್ ನಕ್ಕಳು. ಅಂದು ತಾನೇ ಬಾಯಿಬಿಟ್ಟು ಕೇಳಿದ್ದಳಂತೆ, ಮದುವೆಯಾಗೋಣವೇ ಎಂದು. ದೊಡ್ಡಪ್ಪ ಆಗುವುದಿಲ್ಲ ಎಂದಿದ್ದರು. ಊರಿನಲ್ಲಿ ಒಬ್ಬಳಿದ್ದಾಳೆ, ಅವಳಿಗೆ ಮಾತು ಕೊಟ್ಟಿದ್ದೇನೆ ಎಂದಿದ್ದರು. "ಮೊಣಕಾಲಿನವರೆಗೂ ಜಡೆ ಎಂದು ಹೇಳುತ್ತಿದ್ದ. ಗುಡುಗಿದರೆ ಹೆದರಿ ಬಾಗಿಲ ಹಿಂದೆ ಅಡಗುತ್ತಾಳೆ ಎನ್ನುತ್ತಿದ್ದ. ಅವಳು ಹಾಡುವ ಹಾಡು ಎಂದು ಒಂದನ್ನು ಯಾವಾಗಲೂ ಗುನುಗುತ್ತಿದ್ದ." ಹೇಳುತ್ತಾ ಲಿನ್ ತಾನೇ ಗುನುಗಿದಳು. ಮುಚ್ಚಿದ ತುಟಿಗಳ ಹಿಂದಿನಿಂದ ಬಂದದ್ದು ಅದೇ ರಾಗ, ಕನ್ನಡಿಯ ಮುಂದೆ ದಿನವೂ ಕೇಳುತ್ತಿದ್ದ ರಾಗ. "ಆ ಜಡೆಯ ಮೇಲೆ ನನಗೆ ಎಷ್ಟು ಹೊಟ್ಟೆಯುರಿ ಇತ್ತು ಗೊತ್ತೇ? ಅವನು ಹಡಗು ಹತ್ತಿದ ದಿನ ನನ್ನ ಕೂದಲನ್ನು ಕತ್ತರಿಸಿಕೊಂಡೆ. ಆಮೇಲೆ ಬೆಳೆಸಲೇ ಇಲ್ಲ."

ನಾನು ಹೇಳುತ್ತಾ ಹೇಳುತ್ತಾ ತಡವರಿಸಿದೆ. ದೊಡ್ಡಮ್ಮನ ಕೂದಲು ಹುಡುಗಿಯಾಗಿದ್ದಾಗಲೂ ಭುಜ ದಾಟಿರಲಿಲ್ಲವೆಂದು ಅಮ್ಮ ಹೇಳುತ್ತಿದ್ದಳು. ಗುಡುಗು ಸಿಡಿಲಿನಲ್ಲಿ ಒಣಹಾಕಿದ ಬಟ್ಟೆ ತರಲು ಅಂಗಳಕ್ಕೆ ಹೋಗುತ್ತಿದ್ದವರು ಅವರೊಬ್ಬರೇ. ಹಾಡು ಬರುತ್ತಲೇ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ದೊಡ್ಡಪ್ಪ ಊರಿಗೆ ಮರಳಿ ವರ್ಷ ಕಳೆದ ಮೇಲೆ ಬಂದ ಸಂಬಂಧ ದೊಡ್ಡಮ್ಮನದು. ಅದಕ್ಕೆ ಮುಂಚೆ ಅವರು ದೊಡ್ಡಮ್ಮನ ಮುಖ ಕೂಡ ನೋಡಿರಲಿಲ್ಲ.

ದೊಡ್ಡಮ್ಮನ ಮುಖದ ಬಣ್ಣ ಇಳಿಯಿತು. ಇಷ್ಟು ವರ್ಷ ಯಾರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದರೋ ಅವಳು ಎದುರಿಗೇ ಕುಳಿತು, ಇನ್ನೊಬ್ಬಳ ಮೇಲಿನ ಕಿಚ್ಚನ್ನು ಹೇಳಿಕೊಳ್ಳುತ್ತಿದ್ದಳು.

"ಏನನ್ನಲಿ ದೊಡ್ಡಮ್ಮ?" ಎಂದೆ.

ಅವರು ಲಿನ್‌ಳ ಮೋಟು ಬಿಳಿ ಕೂದಲನ್ನು ನೋಡಿದರು. "ಹೌದು ಅನ್ನು. ನಾನೇ ಅನ್ನು. ವಯಸ್ಸಾಯ್ತು, ಜಡೆ ಉದುರಿಹೋಯ್ತು ಅನ್ನು."

ನಾನು ಹಾಗೆಯೇ ಹೇಳಿದೆ. ಲಿನ್ ತಲೆಯಾಡಿಸಿದಳು. ಅವಳ ಮುಖದಲ್ಲಿ ಏನೋ ಸಡಿಲವಾಯಿತು. ಜಡೆ ಉದುರಿದ್ದು ಅವಳಿಗೆ ಸ್ವಲ್ಪ ಸಮಾಧಾನ ಕೊಟ್ಟಿತೆಂದು ನನಗೆ ಅನ್ನಿಸಿತು.

ಸಂಜೆ ಸಮುದ್ರದ ದಂಡೆಯ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆವು. ಎದುರು ದಡದ ಗೋಪುರಗಳಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ದೊಡ್ಡಮ್ಮ ಸಮುದ್ರವನ್ನೇ ನೋಡುತ್ತಾ ಕೇಳಿದರು.

"ಜಡೆಯವಳು ಯಾರ್ರೀ?"

ದೊಡ್ಡಪ್ಪನಿಗೆ ಅರ್ಥವಾಯಿತು.

"ಯಾರೂ ಇರಲಿಲ್ಲ ಕಣೇ" ಎಂದರು. "ಲಿನ್ ಕೇಳಿದ್ಲು. ನನಗೂ ಅವಳ ಮೇಲೆ ಮನಸ್ಸಿತ್ತು, ಇರಲಿಲ್ಲ ಅಂತ ಹೇಳಲ್ಲ. ಆದ್ರೆ ಅವಳನ್ನ ಕರ್ಕೊಂಡು ಹೋಗಿ ಅಮ್ಮನ ಮುಂದೆ ನಿಲ್ಲಿಸೋ ಧೈರ್ಯ ಇರಲಿಲ್ಲ. ಧೈರ್ಯ ಇಲ್ಲ ಅಂತ ಹೇಳೋಕೂ ಧೈರ್ಯ ಬರಲಿಲ್ಲ. ಊರಲ್ಲೊಬ್ಬಳಿದ್ದಾಳೆ ಅಂದ್ಬಿಟ್ಟೆ. ಲಿನ್ ಅಷ್ಟಕ್ಕೇ ಬಿಡಲಿಲ್ಲ. ಹೇಗಿದ್ದಾಳೆ, ಕೂದಲು ಎಷ್ಟುದ್ದ, ಏನು ಹಾಡ್ತಾಳೆ ಅಂತ ದಿನಾ ಕೇಳೋಳು. ನಾನು ಹೇಳ್ತಾ ಹೋದೆ. ಆ ಹಾಡೂ ಅಷ್ಟೇ, ಬಾಯಿಗೆ ಬಂದದ್ದು."

"ಮತ್ತೆ ಹೂವು?"

"ಯಾವ ಹೂವು?"

"ಮದುವೆಯಾದ ಹೊಸದ್ರಲ್ಲಿ ಮಾರುದ್ದ ಕನಕಾಂಬರ ತರ್ತಿದ್ರಲ್ಲ. ನನ್ನ ಚೋಟುದ್ದ ಜಡೆಗೆ ಅಷ್ಟೊಂದು ಯಾಕೆ, ನಿಮ್ಮ ಕೈಗೆ ಅಳತೆ ಗೊತ್ತಿಲ್ಲ ಅಂತ ನಾನು ನಗ್ತಿದ್ದೆ. ಅದು ಆ ಜಡೆಯವಳಿಗಾ?"

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು. "ಹೇಳಿ ಹೇಳಿ ಅವಳು ಎಲ್ಲೋ ಇದ್ದಾಳೆ ಅನ್ನಿಸೋಕೆ ಶುರುವಾಗಿತ್ತು. ಹೂವಿನವಳ ಮುಂದೆ ನಿಂತಾಗ ಕೈ ತಾನೇ ಅಷ್ಟುದ್ದ ಅಳೀತಿತ್ತು. ಆಮೇಲೆ ಅದು ಹೋಯ್ತು ಕಣೇ. ನಿಜವಾಗ್ಲೂ ಹೋಯ್ತು."

"ಎಲ್ಲಿ ಹೋಗ್ತಾಳೆ?" ಎಂದರು ದೊಡ್ಡಮ್ಮ. "ಲಿನ್ ಆಗಿದ್ರೆ ವಾಸಿಯಿತ್ತು. ಅವಳೂ ನನ್ನ ಹಾಗೆ ಮುದುಕಿಯಾದ್ಲು. ಇವಳಿಗೆ ವಯಸ್ಸೇ ಆಗಲ್ವಲ್ರೀ."

ಹೋಟೆಲಿಗೆ ನಡೆದು ಹೋಗುವಾಗ ಹಕ್ಕಿಯ ಸದ್ದಿಗೆ ರಸ್ತೆ ದಾಟಿದೆವು. ದೊಡ್ಡಮ್ಮ ಮುಂದೆ, ದೊಡ್ಡಪ್ಪ ಅವರಿಂದ ತುಸು ದೂರದಲ್ಲಿ ಹಿಂದೆ.

ಊರಿಗೆ ಹೊರಡುವ ಬೆಳಗ್ಗೆ ಎದ್ದಾಗ ದೊಡ್ಡಮ್ಮ ಕೋಣೆಯಲ್ಲಿ ಇರಲಿಲ್ಲ. ದೊಡ್ಡಪ್ಪ ಮಂಚದ ತುದಿಯಲ್ಲಿ ಕುಳಿತಿದ್ದರು. ಕೆನ್ನೆಗೆ ನೊರೆ ಹಚ್ಚಿಕೊಂಡಿದ್ದರು, ಬ್ಲೇಡು ಕೈಯಲ್ಲೇ ಇತ್ತು. ಅಂದು ಹಾಡು ಇರಲಿಲ್ಲ. "ಎಲ್ಲಿಗೆ ಹೋದ್ಲೋ, ಹೇಳಲಿಲ್ಲ. ಭಾಷೆ ಬರಲ್ಲ, ಏನಿಲ್ಲ" ಎಂದರು. ನನಗೆ ಅನುಮಾನ ಬಂತು. ಆ ಗೋಪುರದ ಹಜಾರಕ್ಕೆ ಓಡಿದೆ.

ಅಂಗಡಿ ಇನ್ನೂ ತೆರೆದಿರಲಿಲ್ಲ. ಕಟ್ಟೆಯ ಹಿಂದೆ ಇಬ್ಬರೂ ಅಕ್ಕಪಕ್ಕ ನಿಂತಿದ್ದರು. ದೊಡ್ಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಮುಂದೆ ಲಟ್ಟಿಸಿದ ಹಿಟ್ಟಿನ ಬಿಲ್ಲೆಗಳು, ಹೆಚ್ಚಿದ ಸೊಪ್ಪು, ಕೋಸು. ಲಿನ್ ಒಂದು ಬಿಲ್ಲೆಯಲ್ಲಿ ಹೂರಣ ಇಟ್ಟು, ಬೆರಳ ತುದಿಯಲ್ಲಿ ಸಣ್ಣ ಸಣ್ಣ ಮಡಿಕೆ ಹಾಕಿ, ಅದರ ಬಾಯಿ ಮುಚ್ಚಿ ತೋರಿಸಿದಳು. ದೊಡ್ಡಮ್ಮ ಅದನ್ನು ನೋಡಿ, ನಮ್ಮ ಮನೆಯ ಕರ್ಜಿಕಾಯಿಯ ಅಂಚಿನ ಹಾಗೆ ತಮ್ಮದಕ್ಕೆ ಹಗ್ಗದಂಥ ಹೆಣಿಗೆ ಹಾಕಿದರು.

"ಬೆಳಗ್ಗೆ ಬೆಳಗ್ಗೆ ಇಲ್ಲಿಗೆ ಬಂದಿರಾ?" ಎಂದೆ. "ಅವಳಿಗೆ ನಿಜ ಹೇಳಿದ್ರಾ?"

"ಯಾವ ಭಾಷೇಲಿ ಹೇಳ್ಲಿ?" ಎಂದರು ತಲೆ ಎತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅಂದರು: "ಆ ಜಡೆಯವಳ ವಿಷಯದಲ್ಲಿ ನಾವಿಬ್ಬರೂ ಒಂದೇ ಕಡೆ ಕಣೇ. ಇವಳಿಗೆ ಅದು ಗೊತ್ತಿಲ್ಲ, ಅಷ್ಟೇ."

ಬಿದಿರಿನ ತಟ್ಟೆಯಲ್ಲಿ ಕಡುಬುಗಳು ಎರಡು ಸಾಲಾಗಿ ಕೂರುತ್ತಿದ್ದವು. ಆ ಕಡೆ ಲಿನ್‌ಳದು, ಈ ಕಡೆ ದೊಡ್ಡಮ್ಮನದು. ಕೆಳಗೆ ನೀರು ಕುದಿಯತೊಡಗಿತ್ತು. ಲಿನ್ ಮುಚ್ಚಳ ಕೈಗೆತ್ತಿಕೊಂಡು ಕಾದಳು. ದೊಡ್ಡಮ್ಮ ಓರೆಗಣ್ಣಿನಿಂದ ಆ ಕಡೆಯ ಸಾಲನ್ನೊಮ್ಮೆ ನೋಡಿದರು, ತಮ್ಮ ಸಾಲನ್ನೊಮ್ಮೆ ನೋಡಿದರು. ಆಮೇಲೆ ತಮ್ಮ ಕೊನೆಯ ಕಡುಬನ್ನು ಮೆಲ್ಲಗೆ ಹೊರತೆಗೆದು, ಅಂಚನ್ನು ಪೂರ್ತಿ ಬಿಚ್ಚಿ, ಮತ್ತೆ ಮೊದಲಿನಿಂದ ಹೆಣೆಯತೊಡಗಿದರು.