ಮೇಲಿನ ಮನೆ ಖಾಲಿ

ನಾನು ಹೋಟೆಲೊಂದರ ಬಟ್ಟೆ ವಿಭಾಗದಲ್ಲಿ ಇಸ್ತ್ರಿ ಹಾಕುವವನು. ಪರದೇಶಕ್ಕೆ ಬಂದು ನಾಲ್ಕು ವರ್ಷವಾಯಿತು. ವರ್ಷ ವರ್ಷವೂ ವಾಸದ ಪರವಾನಗಿ ನವೀಕರಿಸಬೇಕು. ಅದಕ್ಕೊಂದು ಶುಲ್ಕ, ವಿಳಾಸ ನೋಂದಣಿಗೊಂದು ಶುಲ್ಕ, ರಸೀದಿ ಕಳೆದುಕೊಂಡರೆ ಅದಕ್ಕೂ ಒಂದು. ಉಸಿರಾಡುವುದಕ್ಕೆ ಇನ್ನೂ ದರ ಕಟ್ಟಿಲ್ಲ, ನಮ್ಮ ಪುಣ್ಯ.

ಈ ಸಲವೂ ಕಟ್ಟುವುದೆಲ್ಲ ಕಟ್ಟಿ ಹಾಯಾಗಿದ್ದೆ. ಸೋಮವಾರ ಪತ್ರ ಬಂತು. ನಾನು ಕೆಲಸಕ್ಕೆ ಹೋಗಿದ್ದಾಗ ವಿಳಾಸ ತನಿಖೆಯವರು ಬಂದಿದ್ದರಂತೆ. ಕೆಳಮನೆಯ ಅಜ್ಜಿಯನ್ನು ವಿಚಾರಿಸಿದರೆ, ಮೇಲಿನ ಮನೆ ಖಾಲಿ, ಅಲ್ಲಿ ಯಾರೂ ಇಲ್ಲ ಎಂದರಂತೆ. ಶುಕ್ರವಾರದೊಳಗೆ ಅದೇ ಕಟ್ಟಡದವರ ಸಹಿ ತರದಿದ್ದರೆ ನೋಂದಣಿ ರದ್ದು, ತಿಂಗಳೊಳಗೆ ದೇಶ ಬಿಡಬೇಕು. ಕಟ್ಟಡದಲ್ಲಿರುವುದೇ ಎರಡು ಮನೆ.

ಸಿಟ್ಟು ನೆತ್ತಿಗೇರಿತು. ಆಮೇಲೆ ಯೋಚಿಸಿದರೆ ತಪ್ಪು ಅಜ್ಜಿಯದಲ್ಲ. ಮನೆ ಕೊಡಿಸಿದ ದಲ್ಲಾಳಿ ಮೊದಲ ದಿನವೇ ಹೇಳಿದ್ದ, "ಕೆಳಗಿಂದ ಒಂದು ದೂರು ಬಂದ್ರೂ ಗಂಟುಮೂಟೆ ಕಟ್ಟು." ನನಗೆ ಅದೇ ವೇದವಾಕ್ಯವಾಯಿತು. ಬಾಗಿಲಲ್ಲೇ ಬೂಟು ಬಿಚ್ಚಿ ಎರಡೆರಡು ಕಾಲುಚೀಲ ಹಾಕಿಕೊಳ್ಳುತ್ತೇನೆ. ಕುರ್ಚಿಯ ಕಾಲಿಗೆ ಹಳೇ ಬಟ್ಟೆ ಸುತ್ತಿದ್ದೇನೆ. ಸೀನು ಬಂದರೆ ದಿಂಬಿಗೆ ಮುಖ ಒತ್ತುತ್ತೇನೆ. ಅಮ್ಮನಿಗೆ ಫೋನ್ ಮಾಡುವುದೂ ರಸ್ತೆಯಲ್ಲಿ ನಿಂತೇ. ಯಾರಿಗೂ ತೊಂದರೆ ಕೊಡದೆ ಬದುಕಿದೆನೆಂದು ಬೀಗುತ್ತಿದ್ದೆ. ಈ ಊರಿನಲ್ಲಿ ನಾನು ಇದ್ದೇನೆಂದು ಹೇಳುವವರು ಒಬ್ಬರೂ ಇಲ್ಲವೆಂದು ಪತ್ರ ಓದಿದ ಮೇಲೆ ತಿಳಿಯಿತು. ಅಳು ಬಂತು. ಅದನ್ನೂ ಸದ್ದಿಲ್ಲದೆ ಅತ್ತೆ.

ಗುರುವಾರ ಸಂಜೆ ಧೈರ್ಯ ಮಾಡಿ ಕೆಳಮನೆಯ ಬಾಗಿಲು ತಟ್ಟಿದೆ. ಕೋಲೂರಿಕೊಂಡು ಬಂದ ಅಜ್ಜಿ, ಸರಪಳಿ ತೆಗೆಯದೆ ಸಂದಿಯಿಂದ ಇಣುಕಿದರು.

"ಯಾರಪ್ಪ ನೀನು?"

"ಮೇಲಿನ ಮನೆಯವನು, ಅಜ್ಜಿ."

"ಮೇಲೆ ಯಾರೂ ಇಲ್ಲ. ಸೂಜಿ ಬಿದ್ರೂ ಕೇಳ್ಸುತ್ತೆ ನಂಗೆ."

"ನಾನು ಸೂಜಿಗಿಂತ ಮೆತ್ತಗೆ ಓಡಾಡ್ತೀನಿ."

ಅವರು ನಗಲಿಲ್ಲ. ಪತ್ರ ತೋರಿಸಿ ಎಲ್ಲವನ್ನೂ ವಿವರಿಸಿದೆ.

"ಕಂಡಿಲ್ಲ, ಕೇಳಿಲ್ಲ. ಗೊತ್ತಿಲ್ದೋನಿಗೆ ಹೇಗಪ್ಪ ಸಹಿ ಹಾಕ್ಲಿ?"

ನನ್ನ ಬಳಿ ಸಾಕ್ಷಿ ಅಂತ ಇದ್ದದ್ದು ಅವರ ಮನೆಯ ಸದ್ದುಗಳು ಮಾತ್ರ.

"ಬೆಳಿಗ್ಗೆ ಆರಕ್ಕೆ ರೇಡಿಯೊ ಹಾಕ್ತೀರಿ. ಭಾನುವಾರ ಮಗಳ ಫೋನ್ ಬರುತ್ತೆ. ಊಟ ಆಯ್ತು, ಆಯ್ತು ಅಂತೀರಿ, ಪಾತ್ರೆ ಸದ್ದೇ ಕೇಳಿರಲ್ಲ. ಹೋದ ಚಳೀಲಿ ಬಚ್ಚಲಲ್ಲಿ ಜಾರಿ ಬಿದ್ರಿ. ಯಾರಾದ್ರೂ ಇದೀರಾ ಅಂತ ಕೂಗಿದ್ರಿ."

ಹೇಳಿಯಾದ ಮೇಲೆ ನಾಲಗೆ ಕಚ್ಚಿಕೊಂಡೆ. ಅಜ್ಜಿ ಸರಪಳಿ ಕಳಚಿ, ಬಾಗಿಲು ಪೂರ್ತಿ ತೆರೆದು ನನ್ನ ಮುಖ ನೋಡಿದರು.

"ಆವತ್ತು ನೀನು ಮೇಲಿದ್ಯಾ?"

ಇರಲಿಲ್ಲ ಎಂದರೆ ಸಹಿ ಸಿಗುವುದಿಲ್ಲ. ಇದ್ದೆ ಎನ್ನಲು ಬಾಯಿ ಬರುತ್ತಿಲ್ಲ.

"ಇದ್ದೆ, ಅಜ್ಜಿ. ಬಾಗಿಲ ತನಕ ಬಂದೆ. ಪೊಲೀಸು, ವಿಚಾರಣೆ, ನಾನು ಹೊರಗಿನವನು ಅಂತ ಹೆದರಿಕೆ ಆಯ್ತು. ವಾಪಸ್ ಹೋಗಿ ಕೂತ್ಬಿಟ್ಟೆ."

ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಅವರು ನನ್ನ ಕೈಯಿಂದ ಪೆನ್ನು ಇಸಿದುಕೊಂಡು, ಕಾಗದವನ್ನು ಗೋಡೆಗೆ ಒತ್ತಿ ಹಿಡಿದರು. ಪೆನ್ನು ಕಾಗದದ ಮೇಲೆ ನಿಂತಿತು.

"ಮೂರು ಸಲ ಕೂಗಿದ್ದೆ," ಅಂದರು.

"ನಾಲ್ಕು," ಅಂದೆ.

ಅವರು ತಲೆ ಎತ್ತದೆ ಸಹಿ ಹಾಕಿದರು.