ಹಾಡಿದ ಮೇಲೆ ಹೆಸರು

ಹೆಸರು ಹೇಳುವುದು ಹಾಡಿದ ಮೇಲೆ, ಮೊದಲಲ್ಲ. ಮಹೇಶ್ವರಪ್ಪ ಮತ್ತೆ ಅದನ್ನೇ ಹೇಳಿದಾಗ ಉಜ್ಜಪ್ಪ ಹಾರ್ಮೋನಿಯಂ ಮೇಲಿನ ಕೈ ತೆಗೆದು ನಕ್ಕ.

“ಎಷ್ಟು ಸರ್ತಿ ಹೇಳ್ತೀರಿ ಮೇಷ್ಟ್ರೇ? ಮೊದ್ಲೇ ಹೇಳಿದ್ರೆ ‘ಓ, ನಮ್ ಮೇಷ್ಟ್ರ ಪದಾನಾ’ ಅಂತ ಜನ ಬೀಡಿ ಹಚ್ಚಾಕೆ ಎದ್ದು ಹೋಗ್ತಾರೆ. ಹಾಡಿ ಗೆದ್ದ ಮ್ಯಾಲೆ ಹೇಳ್ತೀನಿ. ಸುಮ್ನೆ ಕುಂದರ್ರಿ.”

ಬೀಡಿಯ ಮಾತು ಉಜ್ಜಪ್ಪನದು, ಉಪಾಯ ಮಹೇಶ್ವರಪ್ಪನದೇ. ಶಿಕಾರಿಪುರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಮನುಷ್ಯ ಕವಿಯೂ ಆಗಿರಬಹುದೆಂಬ ಅನುಮಾನ ಆ ಊರಿನಲ್ಲಿ ಯಾರಿಗೂ ಬಂದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಆದ್ದರಿಂದ ಈ ಏರ್ಪಾಡು. ನಾಡಿಗೇ ದೊಡ್ಡವರಾದ ಕವಿಯೊಬ್ಬರಿಗೆ ಅರವತ್ತು ತುಂಬಿದ ಸನ್ಮಾನ. ಅವರೆದುರು ಅವರದೇ ಪದ್ಯಗಳ ಗಾಯನ. ನಡುವೆ ಗುಟ್ಟಾಗಿ ಮಹೇಶ್ವರಪ್ಪನದೊಂದು. ಜನ ಕೇಳಿ ತಲೆದೂಗಬೇಕು, ಆಮೇಲೆ ಹೆಸರು. ಒಮ್ಮೆ ತೂಗಿದ ತಲೆಯನ್ನು ಯಾರೂ ವಾಪಸು ತೆಗೆದುಕೊಳ್ಳಲಾರರು ಎಂಬುದು ಅವನ ಲೆಕ್ಕಾಚಾರ.

ಬೆಳಗಿನಿಂದ ಅವನಿಗೆ ಅನ್ನ ಸೇರಿರಲಿಲ್ಲ. ನಲವತ್ತು ದಾಟಿದ ಗಂಡಸು ಮದುಮಗನ ಹಾಗೆ ಎರಡು ಸಲ ಅಂಗಿ ಬದಲಿಸಿದ್ದ. “ಸನ್ಮಾನ ನಿಮಗಾ, ಅವರಿಗಾ?” ಎಂದು ಹೆಂಡತಿ ಜಗದಾಂಬ ಕೇಳಿದ್ದಳು. “ಮುಂದಿನ ಸಾಲಲ್ಲಿ ಕೂತ್ಕೋ” ಎಂದಷ್ಟೇ ಹೇಳಿ ಬಂದಿದ್ದ.

ಟೂರಿಂಗ್ ಟಾಕೀಸಿನ ಡೇರೆ ತುಂಬಿತ್ತು. ಸಂಜೆಯ ಸಿನಿಮಾ ಆಟ ಶುರುವಾಗುವುದರೊಳಗೆ ಮುಗಿಸಬೇಕೆಂಬ ಕರಾರಿನ ಮೇಲೆ ಸಿಕ್ಕ ಡೇರೆ. ಸಾಹಿತ್ಯ ಸಂಘದ ಅಧ್ಯಕ್ಷರು, ಅಕ್ಕಿ ಗಿರಣಿಯ ಸದಾಶಿವಪ್ಪನವರು, ಕವಿಗಳಿಗೆ ಹಾರ ಹಾಕಿ, ಮೈಕಿಗೆ ಊದಿ ನೋಡಿ, “ಇನ್ನು ಗಾಯನ” ಎಂದರು.

ಉಜ್ಜಪ್ಪನ ಹಾಡು ಯಾವ ಪಂಗಡಕ್ಕೂ ಸೇರದ್ದು. ಹುಬ್ಬಳ್ಳಿ ಕಡೆ ಖಯಾಲು ಗಾಯನ ಕಲಿತಿದ್ದ, ನಾಟಕ ಕಂಪನಿಯಲ್ಲಿ ರಾಜಾಪಾರ್ಟು ಮಾಡಿದ್ದ. ಈಗ ತಬಲದ ಪಕ್ಕದಲ್ಲಿ ಕ್ಲಾರಿಯೋನೆಟ್ಟನ್ನೂ ಡೊಳ್ಳನ್ನೂ ಕೂರಿಸಿಕೊಂಡಿದ್ದ. ಆಲಾಪ ಏರುತ್ತಿರುವಾಗಲೇ ಲಾವಣಿಗೆ ಜಿಗಿಯುತ್ತಿದ್ದ. ಸಂಗೀತ ಬಲ್ಲವರು ಮುಖ ಕಿವುಚಿದರು. ಅವರ ಕಾಲು ಮಾತ್ರ ತಾಳ ಹಾಕುತ್ತಿತ್ತು.

ಕವಿಗಳ ಕೆಲವು ಪದ್ಯಗಳಾದವು. ಮರ್ಯಾದೆಗೆ ಎಷ್ಟು ಬೇಕೋ ಅಷ್ಟು ಚಪ್ಪಾಳೆ ಬಿತ್ತು. ಆಮೇಲೆ ಉಜ್ಜಪ್ಪ ಮಹೇಶ್ವರಪ್ಪನತ್ತ ಒಮ್ಮೆ ನೋಡಿ ಕಣ್ಣು ಮುಚ್ಚಿದ.

ಕರೆದವರ ಮನೆಯಲ್ಲಿ ದೀಪವಿಲ್ಲ,
ದೀಪವಿದ್ದವರೆನ್ನ ಕರೆಯಲಿಲ್ಲ.

ಡೊಳ್ಳು ಮಹೇಶ್ವರಪ್ಪನ ಎದೆಯೊಳಗೇ ಬಡಿಯಿತು. ‘ಕರೆಯಲಿಲ್ಲ’ ಎಂಬಲ್ಲಿ ಉಜ್ಜಪ್ಪ ದನಿಯನ್ನು ತಡೆದು ನಿಲ್ಲಿಸಿದ. ಡೇರೆಯೇ ಉಸಿರು ಬಿಗಿಹಿಡಿಯಿತು. ನೆಲದ ಮೇಲೆ ಕೂತವರು “ಒನ್ಸ್ ಮೋರ್!” ಎಂದು ಕೂಗಿದರು. ಮತ್ತೆ ಹಾಡಿದ. ಮತ್ತೆ ಕೂಗು. ಮಹೇಶ್ವರಪ್ಪನಿಗೆ ಸುಖವಾಯಿತು, ನಾಚಿಕೆಯಾಗುವಷ್ಟು ಸುಖ. ಈಗ ಹೇಳುತ್ತಾನೆ. ಈಗ.

ಉಜ್ಜಪ್ಪ ಬಾಯಿ ತೆರೆಯುವ ಮೊದಲೇ ಕವಿಗಳು ಎದ್ದು ಬಂದು ಅವನನ್ನು ತಬ್ಬಿಕೊಂಡರು. ಅವರ ಕೆನ್ನೆ ಒದ್ದೆಯಾಗಿತ್ತು. ಸದಾಶಿವಪ್ಪನವರು ಮೈಕು ಹಿಡಿದರು. “ನೋಡ್ರಪ್ಪಾ, ಮಹಾಕವಿ ಅಂದ್ರೆ ಇದು! ಇಂಥಾ ಒಂದು ಸಾಲು ನಮ್ಮಂಥೋರು ಏಳು ಜನ್ಮ ಎತ್ತಿದ್ರೂ ಬರಿಯಾಕಾಗಲ್ಲ!”

ಡೇರೆ ಹಾರಿಹೋಗುವಂಥ ಚಪ್ಪಾಳೆ.

ಕವಿಗಳು ಕುರ್ಚಿಗೆ ಮರಳುತ್ತ, ವೇದಿಕೆಯ ಅಂಚಿನಲ್ಲಿ ಕೂತಿದ್ದ ಮಹೇಶ್ವರಪ್ಪನ ಕಿವಿಯ ಬಳಿ ಬಗ್ಗಿದರು. “ಇದು ನನ್ನ ಯಾವ ಪುಸ್ತಕದ್ದು ಮೇಷ್ಟ್ರೇ? ನೆನಪೇ ಆಗ್ತಿಲ್ಲ.” ಪ್ರಶ್ನೆಯಲ್ಲಿ ಕಪಟವಿರಲಿಲ್ಲ. ಅಷ್ಟೊಂದು ಬರೆದವರಿಗೆ ಒಂದು ಪದ್ಯ ಮರೆತುಹೋಗಬಹುದು.

ಎದುರಿಗೆ ಉಜ್ಜಪ್ಪ ಮೈಕಿನತ್ತ ಕೈಚಾಚಿ, ಹುಬ್ಬೇರಿಸಿ ಅಪ್ಪಣೆ ಕೇಳುತ್ತಿದ್ದ. ಹೂಂ ಎಂದರೆ ಸಾಕು. ಮಹೇಶ್ವರಪ್ಪ ಜನರನ್ನು ನೋಡಿದ. ಅವರ ಮುಖಗಳು ಇನ್ನೂ ಹೊಳೆಯುತ್ತಿದ್ದವು. ‘ಮೇಷ್ಟ್ರದು’ ಎಂದ ಮೇಲೂ ಆ ಹೊಳಪು ಹಾಗೇ ಉಳಿದೀತೆ? ಅಥವಾ ಮೋಸಹೋದವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕಾರೆ? ಪದ್ಯ ಬೆಳೆದುಬಿಟ್ಟಿತ್ತು, ತನ್ನ ಹೆಸರು ಅದಕ್ಕೆ ಸಾಲದು. ಅವನಿಗೆ ಭಯವಾಯಿತು.

“ಮೊದಲನೇ ಪುಸ್ತಕದ್ದಿರಬೇಕು ಸರ್” ಎಂದ. ಉಜ್ಜಪ್ಪನಿಗೆ ಬೇಡವೆಂದು ಕೈಯಾಡಿಸಿದ.

ವಂದನಾರ್ಪಣೆ ಸಂಘದ ಕಾರ್ಯದರ್ಶಿಯಾದ ಅವನದೇ ಕೆಲಸ. ಆ ಹಾಡನ್ನು ಬರೆದುಕೊಟ್ಟದ್ದಕ್ಕಾಗಿ ಕವಿಗಳಿಗೆ ತಾಲ್ಲೂಕಿನ ಜನತೆಯ ಪರವಾಗಿ ಕೃತಜ್ಞತೆ ಸಲ್ಲಿಸಿದ. ಇಷ್ಟು ಚೆನ್ನಾಗಿ ಅವನೆಂದೂ ಮಾತಾಡಿರಲಿಲ್ಲ. ಕವಿಗಳ ಹೆಸರು ಹೇಳುವಲ್ಲಿ ತಡವರಿಸಿದ್ದನ್ನು ಜನ ಭಕ್ತಿಯೆಂದು ತಿಳಿದರು.

ಹೊರಗೆ ಉಜ್ಜಪ್ಪ ಅಡ್ಡ ನಿಂತ. “ಯಾಕ್ರೀ ಹಿಂಗ್ ಮಾಡಿದ್ರಿ?”

“ಆಮೇಲೆ ಹೇಳೋಣ.”

“ಯಾವಾಗ?”

“ಸಮಯ ನೋಡಿ.”

ಉಜ್ಜಪ್ಪ ಎಲೆಯಡಿಕೆ ಉಗುಳಿ ತನ್ನ ಮೇಳದ ಕಡೆಗೆ ಹೋದ.

ಜಗದಾಂಬ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ಅವಳ ಕಣ್ಣೂ ಕೆಂಪಾಗಿತ್ತು. ಇವಳಿಗಾದರೂ ಗೊತ್ತು ಎಂದು ಅವನಿಗೆ ಆಸೆಯಾಯಿತು. ಆ ಸಾಲುಗಳನ್ನು ಅವನು ಮನೆಯಲ್ಲಿ ಗುನುಗಿದ್ದು ಒಂದು ದಿನವೇ, ಎರಡು ದಿನವೇ?

“ಅಯ್ಯೋ, ಆ ಪದ ಅವರದಾ?” ಎಂದಳು. “ದಿನಾ ನೀವು ಗುನುಗೋದು ಕೇಳಿ, ನೀವೇ ಕಟ್ಟಿದ್ದು ಅಂದ್ಕೊಂಡಿದ್ನಲ್ರೀ ಇಷ್ಟು ದಿನ!”

ತನ್ನ ದಡ್ಡತನಕ್ಕೆ ತಾನೇ ನಕ್ಕಳು. ಅವನೂ ನಕ್ಕ.

“ಮೇಷ್ಟ್ರೇ!” ಕವಿಗಳು ಕಾರಿನೊಳಗಿಂದ ಕರೆದರು. ಊಟದ ಹೊತ್ತಿಗೆ ಅವರು ಸೊರಬದಲ್ಲಿರಬೇಕಿತ್ತು. “ಆ ಪದ್ಯದ ಪ್ರತಿ ನನ್ನಲ್ಲಿಲ್ಲ. ಸಮಗ್ರ ಸಂಪುಟ ಅಚ್ಚಾಗ್ತಾ ಇದೆ. ನಿಮಗೆ ಬಾಯಿಗೆ ಬರುತ್ತಲ್ಲ, ಬರೆದುಕೊಡಿ.” ಕಿಟಕಿಯ ಅಂಚಿಗೆ ಒಂದು ಪುಸ್ತಕವನ್ನೂ ಅದರ ಮೇಲೆ ಬಿಳಿ ಹಾಳೆಯನ್ನೂ ಹಿಡಿದು, ತಮ್ಮ ಪೆನ್ನನ್ನೇ ಕೊಟ್ಟರು.

ಮಹೇಶ್ವರಪ್ಪ ಬರೆಯತೊಡಗಿದ. ಕೊನೆಯ ಸಾಲಿಗೆ ಬಂದಾಗ ತಡೆದ. ಅದು ಮೊದಲಿನಿಂದಲೂ ಸೋತ ಸಾಲು. ಉಜ್ಜಪ್ಪ ಅದನ್ನು ಡೊಳ್ಳಿನ ಸದ್ದಿನಲ್ಲಿ ಮುಚ್ಚಿ ಪಾರುಮಾಡಿದ್ದ. ವರ್ಷಗಟ್ಟಲೆ ತಿಣುಕಿದರೂ ದಕ್ಕದಿದ್ದ ಸಾಲು ಈಗ, ಡ್ರೈವರು ಎಂಜಿನ್ನು ಚಾಲೂ ಮಾಡುತ್ತಿದ್ದಾಗ, ತಾನಾಗಿ ಬಂತು.

ನನ್ನ ಕದವನು ನಾನೆ ತಟ್ಟಿ ‘ಒಳಗಾರು?’ ಎಂದೆ.

ಮೈ ಜುಮ್ಮೆಂದಿತು. ಇಂಥ ಸಾಲು ಅವನಿಗೆ ಎಂದೂ ಬಂದಿರಲಿಲ್ಲ. ಬರೆದ. ಅದರ ಕೆಳಗೆ ತನ್ನ ಹೆಸರು ಬರಬೇಕಾದ ಜಾಗ ಖಾಲಿಯಿತ್ತು. ಕಾರು ಮೆಲ್ಲಗೆ ಸರಿಯಿತು.

“ಸಾಕು ಬಿಡಿ ಮೇಷ್ಟ್ರೇ, ಹೊತ್ತಾಯ್ತು.”

“ಇನ್ನೊಂದೇ ಸರ್, ಇನ್ನೊಂದೇ ಶಬ್ದ!”

ಅವನು ಕಾರಿನ ಜೊತೆ ನಡೆದ. ಕಾರು ವೇಗ ಹಿಡಿಯಿತು. ಅವನು ಓಡಿದ. ಧೂಳೆದ್ದಿತು, ಒಂದು ಕಾಲಿನ ಚಪ್ಪಲಿ ಕಳಚಿ ಹಿಂದುಳಿಯಿತು. ಎಡಗೈ ಬಾಗಿಲನ್ನು ಹಿಡಿದಿತ್ತು, ಬಲಗೈಯ ಪೆನ್ನು ಹಾಳೆಯ ತುದಿಯಲ್ಲಿ ಊರಿಕೊಂಡಿತ್ತು. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಸೊರಬದ ರಸ್ತೆಯಲ್ಲಿ ಮಹೇಶ್ವರಪ್ಪ ಏದುಸಿರು ಬಿಡುತ್ತ ಓಡುತ್ತಲೇ ಇದ್ದ. ಪೆನ್ನು ಮೂಡಿಸುತ್ತಿದ್ದದ್ದು ಅಕ್ಷರವೋ ಬರಿಯ ಗೆರೆಯೋ ಅವನಿಗೂ ಕಾಣುತ್ತಿರಲಿಲ್ಲ.