ರಜೆ ಅರ್ಜಿಯ ಹನ್ನೊಂದು ಪ್ರತಿ

"ಇವರು ರಜೆ ಕೇಳಿದ್ರೋ ಇಲ್ವೋ, ಅದೊಂದು ಹೇಳಿ ಸಾಕು," ಎಂದಳು ಸತ್ತ ಗುಮಾಸ್ತನ ಹೆಂಡತಿ.

ಲ್ಯಾಪ್‌ಟಾಪಿನ ಮುಚ್ಚಳ ತೆರೆಯುತ್ತಿದ್ದವನ ಕೈ ಅಲ್ಲೇ ನಿಂತಿತು. ಅವನು ಆಫೀಸಿನಲ್ಲಿ ಕಂಪ್ಯೂಟರು ನೋಡಿಕೊಳ್ಳುವವನು. ಏನು ಕೆಟ್ಟಿದೆ ಎಂದು ಯಾರು ಫೋನ್ ಮಾಡಿದರೂ "ರೀಸ್ಟಾರ್ಟ್ ಮಾಡಿ ನೋಡಿ" ಎಂದು ಕೈತೊಳೆದುಕೊಳ್ಳುತ್ತಿದ್ದುದರಿಂದ ರೀಸ್ಟಾರ್ಟಣ್ಣ ಎಂದೇ ಹೆಸರು ಬಿದ್ದಿತ್ತು. ಹೆಸರಿನ ಬಗ್ಗೆ ಅವನ ತಕರಾರೇನೂ ಇರಲಿಲ್ಲ. ಹತ್ತರಲ್ಲಿ ಒಂಬತ್ತು ಸಲ ಅಷ್ಟರಿಂದಲೇ ಸರಿಹೋಗುತ್ತಿತ್ತು. ಇವತ್ತು ಬಂದದ್ದು ಗುಮಾಸ್ತನ ಲ್ಯಾಪ್‌ಟಾಪ್ ಒಯ್ಯಲು. ಅದರಲ್ಲಿರುವುದನ್ನೆಲ್ಲ ಅಲ್ಲೇ ಅಳಿಸಿ ತನ್ನಿ ಎಂದು ಮ್ಯಾನೇಜರ್ ಹೇಳಿ ಕಳಿಸಿದ್ದರು.

ಮಂಚಕ್ಕೂ ಕಿಟಕಿಗೂ ನಡುವೆ ಒಂದು ಸಣ್ಣ ಮೇಜು, ಒಂದು ಕುರ್ಚಿ. ಕುರ್ಚಿಯ ಮೇಲೆ ಕುಳಿತು ಕುಳಿತು ತಗ್ಗು ಬಿದ್ದ ದಿಂಬು. ಹದಿನೆಂಟು ದಿನದ ಹಿಂದೆ ಗುಮಾಸ್ತ ಎದೆ ಹಿಡಿದುಕೊಂಡು ವಾಲಿದ್ದು ಇದೇ ಕುರ್ಚಿಯಿಂದ. ಅದರಲ್ಲಿ ಕೂರಲು ರೀಸ್ಟಾರ್ಟಣ್ಣನಿಗೆ ಮನಸ್ಸು ಬರಲಿಲ್ಲ. ಬಗ್ಗಿ ನಿಂತೇ ಪಾಸ್‌ವರ್ಡ್ ಒತ್ತಿದ.

"ಯಾಕೆ ಕೇಳ್ತೀರಿ ಅಕ್ಕಾ?"

"ಡಾಕ್ಟ್ರು ಹದಿನೈದು ದಿನ ಮಲಗಿರಿ ಅಂದಿದ್ರು. ಇವರು ನೋಡಿದ್ರೆ, ರಜೆ ಕೇಳಿದೀನಿ ಕಣೇ, ಇವತ್ತು ಸಿಗುತ್ತೆ, ನಾಳೆ ಸಿಗುತ್ತೆ ಅಂತ ಕೆಲಸಕ್ಕೆ ಕೂತ್ಕೊಳ್ಳೋರು. ಕೊನೆಗೆ ನಾನೇ ನಿಮ್ಮ ಮ್ಯಾನೇಜರಿಗೆ ಫೋನ್ ಮಾಡಿದೆ. ಅರ್ಜಿನೇ ಬಂದಿಲ್ಲಮ್ಮ ಅಂದ್ರು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವತ್ತು ಬೆಳಿಗ್ಗೆ, ಸುಳ್ಳು ಹೇಳ್ಕೊಂಡೇ ಸಾಯಿರಿ ಅಂದ್ಬಿಟ್ಟೆ. ಬಾಯಿಗೆ ಬಂತು, ಅಂದೆ. ಮಧ್ಯಾಹ್ನದೊಳಗೆ ಹೋಗೇಬಿಟ್ರು."

ರೀಸ್ಟಾರ್ಟಣ್ಣ ಪರದೆಯತ್ತ ತಿರುಗಿದ. ಪರದೆಯ ಮೂಲೆಯಲ್ಲಿ, ಪ್ರಿಂಟರಿನ ಪುಟ್ಟ ಚಿತ್ರದ ಪಕ್ಕ, ಹನ್ನೊಂದು ಎಂಬ ಅಂಕಿ ಕಾಣುತ್ತಿತ್ತು.

ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದ ಮೇಲೆ ಕ್ಲೌಡ್ ಪ್ರಿಂಟಿಂಗ್ ಎಂಬ ಈ ವ್ಯವಸ್ಥೆ ಮಾಡಿದವನು ಅವನೇ. ಮನೆಯಲ್ಲಿ ಕೂತು ಗುಂಡಿ ಒತ್ತಿದರೆ ಆಫೀಸಿನ ದೊಡ್ಡ ಮೆಶಿನ್ನಿನಲ್ಲಿ ಕಾಗದ ಬೀಳುತ್ತಿತ್ತು. ಬೇರೆ ಕಡೆ ಅದು ಅನುಕೂಲ, ಇಲ್ಲಿ ಅದೇ ಗತಿ. ಈಮೇಲಿನಲ್ಲಿ ರಜೆ ಕೇಳಿದರೆ ಮ್ಯಾನೇಜರಿಗೆ ಆಗುತ್ತಿರಲಿಲ್ಲ. ಅರ್ಜಿ ಕಾಗದವಾಗಿ ಅವರ ಮೇಜಿಗೆ ಬರಬೇಕು, ಅವರು ಹಸಿರು ಶಾಯಿಯಲ್ಲಿ ಸಹಿ ಹಾಕಬೇಕು, ಅದು ಫೈಲಿಗೆ ಸೇರಬೇಕು. ಆ ಮೆಶಿನ್ನಿಗೆ ಕಳಿಸಬಹುದಾದವರ ಪಟ್ಟಿಗೆ ನಲವತ್ತೆರಡು ಹೆಸರು ಸೇರಿಸುವಾಗ ರೀಸ್ಟಾರ್ಟಣ್ಣ ಒಂದನ್ನು ಬಿಟ್ಟಿದ್ದ. ಪಟ್ಟಿಯಲ್ಲಿಲ್ಲದವನು ಕಳಿಸಿದ್ದು ಅತ್ತ ಮೆಶಿನ್ನಿಗೂ ಹೋಗದೆ, ಇತ್ತ ವಾಪಸ್ಸೂ ಬಾರದೆ ನಡುವೆಯೇ ಉಳಿಯುತ್ತಿತ್ತು. ಕಳಿಸಿದವನ ಕಣ್ಣಿಗೆ ಮಾತ್ರ "ಕಳುಹಿಸಲಾಗಿದೆ" ಎಂದು ಕಾಣುತ್ತಿತ್ತು.

ಗುಮಾಸ್ತ ಅವನಿಗೆ ಮೂರು ಸಲ ಫೋನ್ ಮಾಡಿದ್ದ. "ಹೋಗಿದೆ ಅಂತ ತೋರಿಸ್ತಿದೆ ಸಾರ್, ಅಲ್ಲಿ ಬಂದಿಲ್ಲ ಅಂತಾರೆ. ಸ್ವಲ್ಪ ನೋಡ್ತೀರಾ?" ಮೂರು ಸಲವೂ ಒಂದೇ ಉತ್ತರ. ಮೂರನೆಯ ಸಲ ರೀಸ್ಟಾರ್ಟಣ್ಣ ಫೋನನ್ನು ಭುಜಕ್ಕೆ ಸಿಕ್ಕಿಸಿಕೊಂಡು ಊಟದ ಡಬ್ಬಿ ಬಿಚ್ಚುತ್ತಿದ್ದ.

ಈಗ ಅಂಕಿಯ ಮೇಲೆ ಒತ್ತಿದ. ಹನ್ನೊಂದೂ ಒಂದೇ: ರಜೆ ಅರ್ಜಿ. ಒಂಬತ್ತು ದಿನಗಳಲ್ಲಿ ಹನ್ನೊಂದು ಸಲ. ಕೊನೆಯದನ್ನು ಕಳಿಸಿದ್ದು ಸತ್ತ ದಿನವೇ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ.

ಪಕ್ಕದಲ್ಲೇ ಅಳಿಸುವ ಗುಂಡಿ. ಒತ್ತಿದರೆ ಅಲ್ಲಿಗೆ ಮುಗಿಯಿತು. ಮ್ಯಾನೇಜರ್ ಹೇಳಿದ್ದೂ ಅದನ್ನೇ. ಅವನ ಕೆಲಸಕ್ಕೆ ಸಂಚಕಾರವಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಇವಳೊಬ್ಬಳು ಬದುಕಿರುವಷ್ಟು ದಿನವೂ ಗಂಡ ಸುಳ್ಳು ಹೇಳಿದ ಎಂದುಕೊಂಡೇ ಇರುತ್ತಾಳೆ. ಬೆರಳು ಆ ಗುಂಡಿಯವರೆಗೂ ಹೋಗಿತ್ತು. ಅದಕ್ಕೆ ಅವನಿಗೇ ಹೇಸಿಗೆಯಾಯಿತು.

"ಏನಾದ್ರೂ ಗೊತ್ತಾಯ್ತಾ?"

"ಕೇಳಿದ್ರು ಅಕ್ಕಾ. ಹನ್ನೊಂದು ಸಲ ಕೇಳಿದ್ರು." ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. "ಪ್ರಿಂಟರಿನ ಪಟ್ಟಿಗೆ ಇವರ ಹೆಸರು ಸೇರಿಸೋದನ್ನ ನಾನು ಮರೆತಿದ್ದೆ. ಅದಕ್ಕೇ ಅರ್ಜಿ ಆಫೀಸಿಗೆ ಹೋಗ್ಲಿಲ್ಲ. ಮೂರು ಸಲ ನನಗೆ ಫೋನೂ ಮಾಡಿದ್ರು, ನಾನು ನೋಡ್ಲಿಲ್ಲ. ತಪ್ಪು ನಂದೇ."

ಬೈಗುಳ ಬೀಳುತ್ತದೆ ಎಂದು ತಲೆ ತಗ್ಗಿಸಿ ನಿಂತ. ಬಿದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಬೈಯಿಸ್ಕೊಳ್ಳೋಕೆ ನಿಂತಿದೀರಾ?" ಎಂದಳು ಅವಳು. "ಬೈಯೋದೆಲ್ಲ ಬೈದು ಮುಗಿಸಿದೀನಿ, ಬೈಬಾರದವರನ್ನ." ಸ್ವಲ್ಪ ಹೊತ್ತು ಪರದೆ ನೋಡಿದಳು. "ಈಗ ಎಲ್ಲಿವೆ ಅವು?"

"ಇಲ್ಲೇ ಕಾಯ್ತಿವೆ."

"ಕಳಿಸಿ."

ರೀಸ್ಟಾರ್ಟಣ್ಣ ಪಟ್ಟಿ ತೆರೆದು ನಲವತ್ತೆರಡನೆಯ ಹೆಸರು ಸೇರಿಸಿದ. ಅರ್ಧ ನಿಮಿಷದ ಕೆಲಸ. ಹನ್ನೊಂದು ಹತ್ತಾಯಿತು, ಒಂಬತ್ತಾಯಿತು. ಎಂಟಾಗುವಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮ್ಯಾನೇಜರ್ ಕೂಗಿದ ಕೂಗಿಗೆ ಅದನ್ನು ಕಿವಿಗೆ ಇಡುವ ಅಗತ್ಯವೇ ಇರಲಿಲ್ಲ.

"ಏನ್ರೀ ಇದು? ಮೆಶಿನ್ನಿಗೆ ಏನು ಬಂದಿದೆ? ಸತ್ತವರ ರಜೆ ಅರ್ಜಿ ಕಣ್ರೀ, ಒಂದಾದ ಮೇಲೊಂದು ಬೀಳ್ತಿದೆ! ಎಲ್ಲ ಅಳಿಸಿ ತನ್ನಿ ಅಂದಿದ್ನಲ್ಲ?"

"ಬಂದಿದೆ ಅಲ್ವಾ ಸಾರ್, ಅರ್ಜಿ?"

ಆ ಕಡೆಯಿಂದ ಮೆಶಿನ್ನು ಕಾಗದ ಎಳೆದುಕೊಳ್ಳುವ ಸದ್ದೊಂದೇ ಕೇಳುತ್ತಿತ್ತು. ಕೊಂಚ ಹೊತ್ತಿಗೆ ಅದೂ ನಿಂತು, ಫೋನು ಕಟ್ಟಾಯಿತು.

ಪರದೆಯಲ್ಲಿ ಅಂಕಿ ನಾಲ್ಕಕ್ಕೆ ಬಂದು ನಿಂತಿತ್ತು.

"ಇನ್ನು ನಾಲ್ಕು?"

"ಅಲ್ಲಿ ಕಾಗದ ಖಾಲಿಯಾಗಿದೆ ಅಕ್ಕಾ. ಯಾರಾದ್ರೂ ಹಾಕಿದ್ರೆ ಬೀಳುತ್ತೆ."

ಅವಳು ಕುರ್ಚಿಯನ್ನು ಎಳೆದುಕೊಂಡಳು. ತಗ್ಗು ಬಿದ್ದ ದಿಂಬಿನ ಮೇಲೆ ಮೆಲ್ಲಗೆ ಕುಳಿತು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಆ ನಾಲ್ಕನ್ನೇ ನೋಡತೊಡಗಿದಳು.